ಮೂರು ಭಾಷೆಯಲ್ಲಿ ‘ಬೇಡ’ ಎನ್ನುವ ಮೇಸ್ತ್ರಿ

(ನಮ್ಮೂರಿನ ವಾಚನಾಲಯದ ತಿಂಗಳ ಮಾತುಕತೆಯಲ್ಲಿ ಆಡಿದ್ದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಗುರುತನ್ನು ಪೂರ್ತಿ ಅಳಿಸಿಲ್ಲ.)

ಎಲ್ಲರಿಗೂ ನಮಸ್ಕಾರ. ವಾಚನಾಲಯದವರು ನನ್ನನ್ನು ಕರೆದದ್ದು ದನಗಳ ಬಗ್ಗೆ ಮಾತಾಡಲಿಕ್ಕೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಹಟ್ಟಿಗಳಲ್ಲಿ ವರ್ಷಗಟ್ಟಲೆ ತಿರುಗಿದವನು ಇನ್ನೇನು ಮಾತಾಡಿಯಾನು ಎಂದು ಅವರು ಎಣಿಸಿದ್ದರಲ್ಲಿ ತಪ್ಪಿಲ್ಲ. ವಿಷಯ ಬದಲಾಯಿಸಿಕೊಂಡವನು ನಾನೇ. ದನದ ಡಾಕ್ಟರನ ಕೆಲಸ ಅರ್ಧ ಹಟ್ಟಿಯಲ್ಲಿ, ಇನ್ನರ್ಧ ದಾರಿಯಲ್ಲಿ. ದಾರಿಯಲ್ಲೇ ಕೆಟ್ಟು ನಿಂತ ಡಾಕ್ಟರನಿಂದ ಹಟ್ಟಿಯಲ್ಲಿ ಮಲಗಿದ ದನಕ್ಕೆ ಏನು ಉಪಕಾರ? ನನ್ನನ್ನು ಅಷ್ಟು ವರ್ಷ ಹಟ್ಟಿಗೆ ಮುಟ್ಟಿಸಿದ ಒಬ್ಬ ಮೇಸ್ತ್ರಿ ಇದ್ದಾರೆ, ಇವತ್ತಿನ ಮಾತು ಅವರದ್ದು. ಹೆಸರು ಹೇಳಬಾರದೆಂದು ಅವರೇ ತಾಕೀತು ಮಾಡಿದ್ದಾರೆ. ಹೇಳಿದರೆ ನಾಳೆ ಇನ್ನೂ ಹತ್ತು ಗಾಡಿ ಬರುತ್ತದೆ, ನಿಲ್ಲಿಸಲು ಅಂಗಳದಲ್ಲಿ ಜಾಗ ಇಲ್ಲ.

ಅವರ ಮನೆಮಾತು ಮಲಯಾಳ. ಗ್ಯಾರೇಜಿನಲ್ಲಿ ಆಡುವುದು ಹೆಚ್ಚಾಗಿ ತುಳು. ಓದಿದ್ದು ಕನ್ನಡ ಶಾಲೆಯಲ್ಲಿ ಏಳನೆಯ ತನಕ, ಹಾಗಾಗಿ ಲೆಕ್ಕ ಬರೆಯುವುದು ಕನ್ನಡದಲ್ಲಿ, ಕ್ಯಾಲೆಂಡರಿನ ಕಳೆದ ತಿಂಗಳ ಹಾಳೆಯ ಹಿಂಬದಿಯಲ್ಲಿ. ಶಾರ್ಜಾದಲ್ಲಿ 11 ವರ್ಷ ದುಡಿದು ಬಂದವರಾದ್ದರಿಂದ ಸಿಟ್ಟು ಬಂದಾಗ ಹಿಂದಿ. ಕಾಸರಗೋಡಿನವರಾದ ನಿಮಗೆ ಇದರಲ್ಲಿ ವಿಶೇಷ ಏನೂ ಕಾಣಲಿಕ್ಕಿಲ್ಲ.

ಪರಿಚಯ ಆದದ್ದು ಹೀಗೆ. 2009ರಲ್ಲಿ ನಾನೊಂದು ಸಣ್ಣ ಬಿಳಿ ಪೆಟ್ರೋಲ್ ಕಾರು ಕೊಂಡಿದ್ದೆ. 2013ರ ಮಾರ್ಚಿನಲ್ಲಿ ಅದಕ್ಕೊಂದು ಕಾಯಿಲೆ ಹಿಡಿಯಿತು. ಮುಕ್ಕಾಲು ಗಂಟೆ ಚೆನ್ನಾಗಿ ಓಡುತ್ತದೆ, ಆಮೇಲೆ ಹೇಳದೆ ಕೇಳದೆ ಆಫ್. ಕೆಮ್ಮುವುದಿಲ್ಲ, ಜಗ್ಗುವುದಿಲ್ಲ, ಯಾರೋ ಸ್ವಿಚ್ ಆರಿಸಿದ ಹಾಗೆ. ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಗೇರುಮರದ ನೆರಳಲ್ಲಿ ಅರ್ಧ ಗಂಟೆ ಕೂತು ಬಂದರೆ ಒಂದೇ ಸಲಕ್ಕೆ ಸ್ಟಾರ್ಟ್. ಏನೂ ಆಗದವರ ಹಾಗೆ.

ಪೇಟೆಯ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಕೊಂಡುಹೋದೆ. ತಣ್ಣಗಿನ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಸ್ಕ್ಯಾನರ್ ಹಾಕಿ ನೋಡಿದರು, ಯಾವ ಕೋಡೂ ಸಿಗಲಿಲ್ಲ. ಪೆಟ್ರೋಲ್ ಪಂಪು ಹೋಗಿರಬೇಕು ಎಂದು ಅದನ್ನು ಬದಲಾಯಿಸಿದರು, ಒಂಬತ್ತು ಸಾವಿರ ಚಿಲ್ಲರೆ. ಅವರನ್ನು ಮೂರ್ಖರೆಂದು ನಾನು ಹೇಳುವುದಿಲ್ಲ. ಟ್ಯಾಂಕಿನೊಳಗಿನ ಪಂಪು ಕೂಡ ಬಿಸಿಯಾದಾಗ ಕೈಕೊಡುವುದುಂಟು. ಆದರೆ ಮೂರನೆಯ ದಿನ ಕುಂಬಳೆಯಿಂದ ಬರುವಾಗ ಸೀತಾಂಗೋಳಿ ದಾಟಿದ ಮೇಲೆ ಕಾರು ಮತ್ತೆ ನಿಂತಿತು. ಅತ್ತ ಒಂದು ಜೆರ್ಸಿ ದನ ಕರು ಹಾಕಲಾಗದೆ ಒದ್ದಾಡುತ್ತಿದೆ, ಇತ್ತ ನಾನು ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತಿದ್ದೇನೆ. ಎತ್ತಿ ಏನು ನೋಡುವುದೆಂದು ಗೊತ್ತಿಲ್ಲ, ಆದರೂ ಎತ್ತಬೇಕು. ಮುಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ, ನೀವೂ ಎತ್ತಿದವರೇ. ಕೊನೆಗೆ ದನದ ಯಜಮಾನರ ಮಗ ಬೈಕಿನಲ್ಲಿ ಬಂದು ನನ್ನನ್ನು ಹೊತ್ತೊಯ್ದ.

ಮತ್ತೆ ಕೇಳಿದ್ದಕ್ಕೆ ಸರ್ವಿಸ್ ಸೆಂಟರಿನವರು, ಹಾಗಾದರೆ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಬದಲಾಯಿಸಬೇಕಾಗಬಹುದು, ಇಪ್ಪತ್ತು ಸಾವಿರದ ಮೇಲೆ ಆದೀತು ಎಂದರು. ‘ಬಹುದು’ ಎಂಬ ಮಾತಿಗೆ ಇಪ್ಪತ್ತು ಸಾವಿರ! ಆ ದನದ ಯಜಮಾನರೇ ಮೇಸ್ತ್ರಿಯ ಹತ್ತಿರ ಕಳಿಸಿದ್ದು.

ಹೋದೆ. ತಗಡಿನ ಮಾಡು, ಎದುರು ಒಂದು ಹಲಸಿನ ಮರ, ನೆಲವೆಲ್ಲ ಆಯಿಲ್ ಕುಡಿದು ಕಪ್ಪಾದ ಮುರಮಣ್ಣು. ಮೇಸ್ತ್ರಿ ಬಾನೆಟ್ ತೆರೆಯಲಿಲ್ಲ. ಕೈ ಒರಸಿಕೊಂಡು ಒಂದೇ ಮಾತು ಕೇಳಿದರು. “ಏಪ?” ಯಾವಾಗ?

ಬಿಸಿಲಲ್ಲಿ ಮಾತ್ರವಾ, ಬೆಳಗಿನ ಹೊತ್ತೂ ಉಂಟಾ? ಏಸಿ ಹಾಕಿದಾಗ ಬೇಗ ನಿಲ್ಲುತ್ತದಾ? ಟ್ಯಾಂಕ್ ತುಂಬಿದ್ದಾಗಲೂ ಆಗುತ್ತದಾ? ನಿಂತ ಕೂಡಲೇ ಕೀ ಆನ್ ಮಾಡಿದರೆ ಹಿಂದಿನ ಸೀಟಿನ ಕೆಳಗಿಂದ ‘ಝುಂಯ್’ ಅಂತ ಒಂದೆರಡು ಸೆಕೆಂಡ್ ಶಬ್ದ ಬರುತ್ತದಾ? ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ವರ್ಷ ಓಡಿಸಿದ ಕಾರಿನಲ್ಲಿ ಅಂಥದೊಂದು ಶಬ್ದ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ನನಗೆ ನಾಚಿಕೆಯಾಯಿತು. ಯಾಕೆಂದರೆ ‘ಯಾವಾಗ’ ಎನ್ನುವುದು ನನ್ನ ಕಸುಬಿನ ಪ್ರಶ್ನೆ. ದನ ಬಿದ್ದಿದೆ, ಏಳುವುದಿಲ್ಲ, ಕಿವಿ ಮುಟ್ಟಿದರೆ ತಣ್ಣಗೆ, ಕುತ್ತಿಗೆ ಒಂದು ಬದಿಗೆ ತಿರುಚಿಕೊಂಡಿದೆ. ನಾನು ಮೊದಲು ಕೇಳುವುದು ಕರು ಹಾಕಿ ಎಷ್ಟು ಹೊತ್ತಾಯಿತು ಎಂದು. ನಿನ್ನೆ ರಾತ್ರಿ ಎಂದರೆ ಅದು ಹೆಚ್ಚಾಗಿ ಹಾಲುಜ್ವರ. ಹೆಸರಿನಲ್ಲಿ ಮಾತ್ರ ಜ್ವರ, ಮೈಯಲ್ಲಿ ಬಿಸಿ ಇರುವುದಿಲ್ಲ. ಹೆಚ್ಚು ಹಾಲು ಕೊಡುವ ಮಿಶ್ರತಳಿಯ ದನ ಕರು ಹಾಕಿದ ಎರಡು ಮೂರು ದಿನದೊಳಗೆ ರಕ್ತದ ಕ್ಯಾಲ್ಸಿಯಂ ಇಳಿದು ಕುಸಿಯುತ್ತದೆ. ನಮ್ಮ ಊರ ಗಿಡ್ಡ ದನಗಳಲ್ಲಿ ಅದು ಅಪರೂಪ. ಕ್ಯಾಲ್ಸಿಯಂ ಬೋರೋಗ್ಲುಕೋನೇಟಿನ ಒಂದು ಬಾಟಲಿಯನ್ನು ರಕ್ತನಾಳಕ್ಕೆ ನಿಧಾನವಾಗಿ ಬಿಟ್ಟರೆ (ಅವಸರ ಮಾಡಿದರೆ ಹೃದಯವೇ ನಿಂತೀತು) ಎಷ್ಟೋ ದನ ನಾನು ಸೂಜಿ ತೆಗೆದು ಕೈ ತೊಳೆಯುವಷ್ಟರಲ್ಲಿ ಎದ್ದು ನಿಂತದ್ದುಂಟು. ಮನೆಯವರು ನನ್ನನ್ನು ದೇವರ ಹಾಗೆ ನೋಡುತ್ತಾರೆ. ನಿಜ ಸಂಗತಿ ಎಂದರೆ ‘ನಿನ್ನೆ ರಾತ್ರಿ’ ಎಂದು ಅವರು ಹೇಳಿದಾಗಲೇ ಮುಕ್ಕಾಲು ಕೆಲಸ ಮುಗಿದಿತ್ತು.

ಮೇಸ್ತ್ರಿ ನನ್ನ ಪಕ್ಕದ ಸೀಟಿನಲ್ಲಿ ಕೂತರು. ಮಡಿಲಲ್ಲಿ ಒಂದು ಬಾಟಲಿ ನೀರು, ಒಂದು ಹಳೆ ಬೈರಾಸು, ಅಂದರೆ ಟವೆಲು. ಓಡಿಸಿ ಎಂದರು. ಏಸಿ ಹಾಕಿ, ಏರಿನಲ್ಲಿ ಸೆಕೆಂಡ್ ಗೇರಿನಲ್ಲಿ ಎಳೆಸಿ, ಐವತ್ತು ನಿಮಿಷಕ್ಕೆ ಕಾರು ಸತ್ತಿತು. ಅವರಿಗೆ ಖುಷಿಯೋ ಖುಷಿ. ಕೀ ಆನ್ ಮಾಡಿಸಿ ಹಿಂದಿನ ಸೀಟಿಗೆ ಕಿವಿ ಕೊಟ್ಟರು. ‘ಝುಂಯ್’ ಕೇಳಿಸಿತು. ಪಂಪು ಬದುಕಿದೆ. ಬೈರಾಸನ್ನು ಒದ್ದೆ ಮಾಡಿ ಹಿಂಡಿ, ಬಾನೆಟ್ ಎತ್ತಿ, ಗೇರ್‌ಬಾಕ್ಸಿನ ಕಡೆಗೆ ಕೈ ತೂರಿಸಿ, ಹೆಬ್ಬೆರಳಿನಷ್ಟು ದಪ್ಪದ ಒಂದು ಕಪ್ಪು ಸಾಮಾನಿಗೆ ಅದನ್ನು ಸುತ್ತಿದರು. ಎರಡು ಸಲ ಮತ್ತೆ ಒದ್ದೆ ಮಾಡಿದರು. ಐದು ನಿಮಿಷ ಆಗಿರಲಿಲ್ಲ. “ಈಗ ಹೊಡೀರಿ ಡಾಕ್ಟ್ರೇ” ಎಂದರು. ಹಿಡಿಯಿತು.

ಆ ಸಾಮಾನಿನ ಹೆಸರು ಕ್ರ್ಯಾಂಕ್ ಸೆನ್ಸರ್. ಎಂಜಿನ್ನಿನ ಕ್ರ್ಯಾಂಕ್ ದಂಡದಲ್ಲಿ ಹಲ್ಲಿನ ಚಕ್ರವೊಂದು ತಿರುಗುತ್ತದೆ. ಈ ಸೆನ್ಸರು ಆ ಹಲ್ಲುಗಳನ್ನು ಎಣಿಸಿ, ಪಿಸ್ಟನ್ ಈಗ ಎಲ್ಲಿದೆ ಎಂದು ಕಂಪ್ಯೂಟರಿಗೆ ಹೇಳುತ್ತಾ ಇರುತ್ತದೆ. ಅದು ಬಾಯಿ ಮುಚ್ಚಿದರೆ ಕಂಪ್ಯೂಟರಿಗೆ ಯಾವಾಗ ಕಿಡಿ ಕೊಡಬೇಕು, ಯಾವಾಗ ಪೆಟ್ರೋಲ್ ಬಿಡಬೇಕು ಎಂದೇ ತಿಳಿಯುವುದಿಲ್ಲ, ಎರಡನ್ನೂ ನಿಲ್ಲಿಸುತ್ತದೆ. ಒಳಗಿನ ಕೂದಲೆಳೆಯಂಥ ತಂತಿಯಲ್ಲಿ ಬಿರುಕಿದ್ದರೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಸರ್ವಿಸ್ ಸೆಂಟರಿನ ತಣ್ಣಗಿನ ಶೆಡ್ಡಿನಲ್ಲಿ ಕಾರು ಯಾವಾಗಲೂ ಕೂಡಿಕೊಂಡೇ ಇತ್ತು. ಹೊಸ ಸೆನ್ಸರಿಗೆ ಸಾವಿರದ ನೂರು, ಕೂಲಿ ಇನ್ನೂರು.

ಒದ್ದೆ ಬಟ್ಟೆಯ ಉಪಾಯ ಎಲ್ಲಿ ಕಲಿತಿರಿ ಎಂದು ಕೇಳಿದೆ. ಅಂಬಾಸಿಡರ್ ಟ್ಯಾಕ್ಸಿಯವರಿಂದಂತೆ. ಹಳಬರಿಗೆ ನೆನಪಿರಬಹುದು, ಏಪ್ರಿಲ್ ಬಿಸಿಲಲ್ಲಿ ಅಂಬಾಸಿಡರ್ ನಿಂತರೆ ಡ್ರೈವರ್ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಹಾಕಿ ಬೀಡಿ ಹಚ್ಚುತ್ತಿದ್ದರು. (ದೂರ ಹೋಗಿ ಹಚ್ಚುತ್ತಿದ್ದರು ಎಂದು ಆಶಿಸೋಣ.) ಆ ಕಾಲದ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿದ್ದರಿಂದ ಪೆಟ್ರೋಲ್ ಒಳಗೇ ಕುದಿದು ಆವಿಯಾಗುತ್ತಿತ್ತು. ಈಗಿನ ಕಾರುಗಳಿಗೆ ಆ ರೋಗ ಬಹಳ ಕಡಿಮೆ. ಮೇಸ್ತ್ರಿ ಹಳೆಯ ಮದ್ದನ್ನು ಹೊಸ ರೋಗ ಪತ್ತೆ ಮಾಡಲು ಬಳಸಿದರು, ಅಷ್ಟೆ.

ಹಣ ಕೊಟ್ಟು ಹೊರಡುವಾಗ, ಎಂಜಿನ್ ಆಯಿಲೂ ಬದಲಾಯಿಸಿಬಿಡಿ, ಹೇಗೂ ಬಂದಿದ್ದೇನೆ ಎಂದೆ. ಕಡ್ಡಿ ತೆಗೆದು ಒರಸಿ ನೋಡಿ “ಬೊಡ್ಚಿ” ಎಂದರು. ಇನ್ನೂ ಎರಡು ಸಾವಿರ ಕಿಲೋಮೀಟರ್ ಹೋಗಲಿ.

ಈ ‘ಬೊಡ್ಚಿ’ಯನ್ನು ನಾನು ಆಮೇಲೆ ನೂರಾರು ಸಲ ಕೇಳಿದ್ದೇನೆ. ತುಳುವಿನವರಿಗೆ ‘ಬೊಡ್ಚಿ’, ಮಲಯಾಳದವರಿಗೆ ‘ವೇಂಡ’, ಕನ್ನಡದವರಿಗೆ ‘ಬೇಡ’. ಎಂಜಿನ್ ಫ್ಲಶ್ ಮಾಡಿಸಲಾ? ಬೇಡ. ಇಂಜೆಕ್ಟರ್ ತೊಳೆಸಲಾ? ಕಾರು ಮಿಸ್ಸಿಂಗ್ ಹೊಡೆಯುತ್ತಾ ಉಂಟಾ, ಇಲ್ಲವಲ್ಲ, ಬೇಡ. ಒಂದು ಸಲ ನನಗೇ ರೇಗಿ, ನೀವು ಗ್ಯಾರೇಜ್ ಇಟ್ಟದ್ದು ಯಾತಕ್ಕೆ ಎಂದು ಕೇಳಿಬಿಟ್ಟೆ.

ಆದರೆ ಅದೇ ಮನುಷ್ಯ ಕೆಲವು ವಿಷಯದಲ್ಲಿ ಚೌಕಾಸಿಗೆ ಬರುವುದಿಲ್ಲ. ಮಗಳನ್ನು ಮಡಿಕೇರಿಗೆ ಬಿಟ್ಟುಬರಬೇಕಿತ್ತು. ಮೇಸ್ತ್ರಿ ಬ್ರೇಕ್ ಆಯಿಲ್ ಡಬ್ಬಿ ತೆರೆದು ನೋಡಿದರು. ಚಹಾದ ಬಣ್ಣಕ್ಕೆ ಬಂದಿತ್ತು. ಇದನ್ನು ಬದಲಾಯಿಸದೆ ಸಂಪಾಜೆ ಘಾಟಿ ಇಳಿಯಬಾರದು ಎಂದು ಕೀ ಕಿಸೆಗೆ ಹಾಕಿಕೊಂಡರು. ಬ್ರೇಕ್ ಆಯಿಲ್ ಗಾಳಿಯ ಪಸೆ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯ ತನಕ ಕುದಿಯಬಾರದು ಎಂಬುದು ನಿಯಮ, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ತುಳಿದುಕೊಂಡೇ ಇಳಿದರೆ ಅದು ಕುದಿದು ಗುಳ್ಳೆ ಏಳುತ್ತದೆ, ಗುಳ್ಳೆಯನ್ನು ಒತ್ತಿದರೆ ಬ್ರೇಕ್ ಹಿಡಿಯುವುದಿಲ್ಲ, ಕಾಲು ತಳ ಮುಟ್ಟುತ್ತದೆ. ಹತ್ತುವ ಗೇರಿನಲ್ಲೇ ಇಳಿಯಿರಿ ಎಂದೂ ಹೇಳಿ ಕಳಿಸಿದರು. ಬೇರೆ ಯಾರಾದರೂ ಹೇಳಿದ್ದರೆ ದುಡ್ಡಿಗಾಗಿ ಹೆದರಿಸುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಅಷ್ಟು ಸಲ ಬೇಡ ಎಂದವರು ಬೇಕು ಎಂದದ್ದರಿಂದ ಬಾಯಿ ಮುಚ್ಚಿ ಕೂತೆ.

ಈಗ ನನ್ನದೇ ಒಂದು ತಪ್ಪೊಪ್ಪಿಗೆ. ಇಲಾಖೆಯಲ್ಲಿ ಇರುವಾಗ ಹೇಳುವ ಧೈರ್ಯ ಇರಲಿಲ್ಲ. ದನ ಒಂದು ಹೊತ್ತು ಮೇವು ಬಿಟ್ಟಿದೆ, ಜ್ವರ ಇಲ್ಲ, ಹೊಟ್ಟೆ ಸರಿ ಇದೆ, ಮೆಲುಕು ಹಾಕುತ್ತಿದೆ. ನಾಳೆಗೆ ಸರಿಯಾಗುತ್ತದೆ, ಔಷಧ ಬೇಡ ಎಂದರೆ ಯಜಮಾನರ ಮುಖ ಸಣ್ಣದಾಗುತ್ತದೆ. “ಅಷ್ಟು ದೂರದಿಂದ ಬಂದು ಒಂದು ಇಂಜೆಕ್ಷನ್ ಕೂಡ ಕೊಡದೆ…” ಎನ್ನುತ್ತಾರೆ. ನಾನು ಚೀಲದಿಂದ ಬಿ ಕಾಂಪ್ಲೆಕ್ಸ್ ತೆಗೆದು ಚುಚ್ಚಿ ಬರುತ್ತಿದ್ದೆ. ಹಾಳೇನೂ ಆಗುವುದಿಲ್ಲ, ಹಳದಿ ಬಣ್ಣ ಬೇರೆ, ನೋಡಲು ಗಟ್ಟಿ ಔಷಧದ ಹಾಗೆ ಇರುತ್ತದೆ. ಮರುದಿನ ದನ ಮೇವು ತಿಂದಾಗ ಹೆಸರು ನನಗೆ. ಮೇಸ್ತ್ರಿಯ ‘ಬೊಡ್ಚಿ’ ಕೇಳಿ ಕೇಳಿ ನಾನು ಆ ಸೂಜಿ ನಿಲ್ಲಿಸಿದೆ. ನಾಲ್ಕಾರು ಮನೆಯವರು ಬೇರೆ ಡಾಕ್ಟರನ್ನು ಹುಡುಕಿಕೊಂಡರು. ಬೇಡ ಎನ್ನುವುದಕ್ಕೂ ಖರ್ಚು ಉಂಟು, ಅದು ಹೇಳಿದವನ ಕಿಸೆಯಿಂದಲೇ ಹೋಗುತ್ತದೆ.

ಅರ್ಥಶಾಸ್ತ್ರದವರು ಇದನ್ನೇ ಬೇರೆ ದಾರಿಯಿಂದ ಹೇಳಿದ್ದಾರೆ. ಜಾರ್ಜ್ ಅಕೆರ್ಲಾಫ್ ಎಂಬವರು 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಹಿಡಿದು ಒಂದು ಪ್ರಬಂಧ ಬರೆದರು, 2001ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದರೆ ಒಳ್ಳೆಯ ಕಾರಿನವರು ಸಿಗುವ ಬೆಲೆ ಸಾಲದೆ ಸಂತೆಯಿಂದಲೇ ಹಿಂದೆ ಸರಿಯುತ್ತಾರೆ, ಕೆಟ್ಟ ಕಾರುಗಳೇ ಉಳಿಯುತ್ತವೆ ಎಂಬುದು ಅದರ ಸಾರ. ಅಮೆರಿಕದಲ್ಲಿ ಅಂಥ ಕೆಟ್ಟ ಕಾರಿಗೆ ‘ಲಿಂಬೆ’ ಎನ್ನುತ್ತಾರೆ. ನಾವಾದರೋ ಮಧೂರಿನಲ್ಲಿ ಪೂಜೆ ಮಾಡಿಸಿ ಹೊಸ ಕಾರಿನ ಟಯರಿನ ಅಡಿಗೆ ಲಿಂಬೆ ಇಡುತ್ತೇವೆ! ರಿಪೇರಿಯಲ್ಲಿ ಕತೆ ಇನ್ನೂ ಒಂದು ಹೆಜ್ಜೆ ಮುಂದೆ. ಹಳೆ ಕಾರು ಕೊಂಡವನಿಗೆ ಆರು ತಿಂಗಳಲ್ಲಾದರೂ ಬಣ್ಣ ಬಯಲಾಗುತ್ತದೆ. ಬದಲಾಯಿಸಿದ ಪಾರ್ಟು ನಿಜಕ್ಕೂ ಹಾಳಾಗಿತ್ತೇ ಎಂಬುದು ನಮಗೆ ಎಂದೂ ತಿಳಿಯುವುದಿಲ್ಲ. ಹಳದಿ ಸೂಜಿಯ ಹಾಗೆಯೇ. ನಮ್ಮ ಮೇಸ್ತ್ರಿ ಕೀ ಕೊಡುವಾಗ ತೆಗೆದ ಹಳೆ ಪಾರ್ಟನ್ನೂ ಒಂದು ತೊಟ್ಟೆಯಲ್ಲಿ ಹಾಕಿ ಕೊಡುತ್ತಾರೆ. ನನ್ನ ಮನೆಯ ಅಟ್ಟದಲ್ಲಿ ಒಂದು ಗೋಣಿ ಅಂಥವು ಇದ್ದವು, ಹೆಂಡತಿ ಗುಜರಿಗೆ ಹಾಕಿದಳು.

ಅವರು ತಪ್ಪುವುದೇ ಇಲ್ಲವೇ? ತಪ್ಪುತ್ತಾರೆ. ಒಂದು ಸಲ ಎಂಜಿನ್ ಬಿಸಿಯಾಗುತ್ತಿತ್ತು. ಥರ್ಮೋಸ್ಟಾಟ್ ಬದಲಾಯಿಸಿದರು. ವಾರ ಕಳೆದು ಸಿಗ್ನಲಿನಲ್ಲಿ ನಿಂತಾಗ ಮುಳ್ಳು ಮತ್ತೆ ಮೇಲೆ. ಓಡುವಾಗ ಬಿಸಿ ಇಲ್ಲ, ನಿಂತಾಗ ಮಾತ್ರ ಬಿಸಿ ಎಂದರೆ ಫ್ಯಾನಿನ ಕಡೆ ನೋಡಬೇಕಿತ್ತು. ಫ್ಯಾನಿನ ರಿಲೇ ಹೋಗಿತ್ತು, ನೂರೈವತ್ತು ರೂಪಾಯಿಯದ್ದು. “ಆ ದಿನ ನಾನು ‘ಏಪ’ ಕೇಳಲಿಲ್ಲ, ಅವಸರ ಮಾಡಿದೆ” ಎಂದು ಹಿಂದಿನ ಕೂಲಿಯನ್ನು ಕ್ಯಾಲೆಂಡರ್ ಹಾಳೆಯಲ್ಲಿ ಕಳೆದು ಬರೆದರು. ಏರ್‌ಬ್ಯಾಗ್, ಎಬಿಎಸ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂದರೆ ಕೈ ಹಾಕುವುದಿಲ್ಲ, ಕಂಪೆನಿಗೇ ಹೋಗಿ ಎನ್ನುತ್ತಾರೆ. ಇಲೆಕ್ಟ್ರಿಕ್ ಕಾರಿನ ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲನ್ನು ತೋರಿಸಿ, ಇದು ನನ್ನನ್ನೇ ರಿಪೇರಿ ಮಾಡುತ್ತದೆ ಎಂದು ನಕ್ಕಿದ್ದರು.

2020ರ ಮಾರ್ಚ್ ಕೊನೆಯ ಕೊರೊನಾ ದಿನಗಳು ನಿಮಗೆ ನೆನಪಿದ್ದೇ ಇರುತ್ತವೆ. ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರು ಸುಮಾರು 50 ಕಿಲೋಮೀಟರ್, ನಮಗೆ ಆಸ್ಪತ್ರೆಯೂ ಅಲ್ಲೇ, ಸ್ಪೇರ್ ಪಾರ್ಟೂ ಅಲ್ಲಿಂದಲೇ. ಆಗ ನಾನಿನ್ನೂ ಸರ್ವಿಸಿನಲ್ಲಿದ್ದೆ. ಒಂದು ಸಂಜೆ ಪೆರ್ಲದ ಆಚೆ ಒಂದು ತೋಟದಲ್ಲಿ ಕಾರಿನ ಕ್ಲಚ್ ಕೇಬಲ್ ತುಂಡಾಯಿತು. ಫೋನ್ ಮಾಡಿದೆ. ಎಳೆದು ತರಲು ಗಾಡಿ ಇಲ್ಲ. “ಎಂಜಿನ್ ಆಫ್ ಮಾಡಿ ಫಸ್ಟ್ ಗೇರ್ ಹಾಕಿ. ಎದುರು ಯಾರೂ ಇಲ್ಲವಲ್ಲ? ಕೀ ತಿರುಗಿಸಿ ಹಿಡಿಯಿರಿ, ಗಾಡಿ ಹಾರಿಕೊಂಡು ಹೊರಡುತ್ತದೆ, ಹೆದರಬೇಡಿ. ಗೇರ್ ಬದಲಾಯಿಸಬೇಡಿ. ನಿಲ್ಲಬೇಕಾದರೆ ಕೀ ಆಫ್ ಮಾಡಿ ಬ್ರೇಕ್ ಹಿಡಿಯಿರಿ.” ಹಾಗೇ ಬಂದೆ, ಕಪ್ಪೆಯ ಹಾಗೆ ಕುಪ್ಪಳಿಸಿ ಹೊರಟು, ಎರಡು ಪೊಲೀಸ್ ತಪಾಸಣೆಯಲ್ಲಿ ಕೀ ಆಫ್ ಮಾಡಿ, ಮತ್ತೆ ಕುಪ್ಪಳಿಸಿ. ಗ್ಯಾರೇಜಿನ ಶಟರ್ ಅರ್ಧ ಎತ್ತಿ ಕಾದಿದ್ದರು. ಹೊಸ ಕೇಬಲ್ ಎಲ್ಲಿಯೂ ಇಲ್ಲ. ಹಲಸಿನ ಮರದ ಅಡಿಯಲ್ಲಿದ್ದ ಒಂದು ಆಕ್ಸಿಡೆಂಟ್ ಗಾಡಿಯಿಂದ ಬಿಚ್ಚಿ ಹಾಕಿದರು. ಮರುದಿನ ಬೆಳಿಗ್ಗೆ ಒಂದು ದನಕ್ಕೆ ಕರು ಸಿಕ್ಕಿಬಿದ್ದಿತ್ತು, ಸಮಯಕ್ಕೆ ಮುಟ್ಟಿದೆ.

ನಮ್ಮ ಕಡೆಯ ಕಾರುಗಳಿಗೆ ನಮ್ಮದೇ ಕಾಯಿಲೆಗಳು ಉಂಟು. ಕಡಲ ಬದಿಯವರಿಗೆ ಉಪ್ಪುಗಾಳಿ, ಬ್ಯಾಟರಿಯ ಅರ್ತ್ ಪಟ್ಟಿ ಪಾಚಿ ಹಿಡಿದ ಹಾಗೆ ಆಗುತ್ತದೆ. ಬ್ಯಾಟರಿ ಹೋಯಿತೆಂದು ಹೊಸದು ಕೊಳ್ಳುತ್ತೇವೆ, ಉಜ್ಜಿ ಬಿಗಿದರೆ ಸಾಕಿತ್ತು. ತಲಪಾಡಿಯಿಂದ ಚೆಂಗಳದ ತನಕ ಹೆದ್ದಾರಿ ಆರು ಪಥ ಮಾಡುವ ಕೆಲಸ ನಡೆದಷ್ಟು ಕಾಲ ಬುಷ್, ಲಿಂಕ್ ರಾಡ್ ಬದಲಾಯಿಸಿದ್ದಕ್ಕೆ ಲೆಕ್ಕ ಇಲ್ಲ. ಇಲಿಗಳ ವಿಷಯ ಬಿಟ್ಟುಬಿಡುತ್ತೇನೆ, ಅದಕ್ಕೇ ಒಂದು ತಿಂಗಳ ಮಾತುಕತೆ ಬೇಕು.

ತೋಟದವರಿಗೆ ಮಾತ್ರ ಒಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ, 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ದ್ರಾವಣ ಹದವಾಗಿದೆಯೇ ಎಂದು ಕತ್ತಿ ಅದ್ದಿ ನೋಡುವುದು ನಿಮಗೆ ಗೊತ್ತು. ಸುಣ್ಣ ಸಾಲದಿದ್ದರೆ ಅಲಗಿಗೆ ಕೆಂಪಗೆ ತಾಮ್ರ ಹಿಡಿಯುತ್ತದೆ. ತಾಮ್ರ ಬಂದು ಕೂತಲ್ಲೆಲ್ಲ ಕಬ್ಬಿಣ ಕರಗಿ ಹೋಗಿರುತ್ತದೆ. ಅದೇ ಮೈಲುತುತ್ತಿನ ಚೀಲವನ್ನು ನಾನು ಹತ್ತು ಮಳೆಗಾಲ ಕಾರಿನ ಡಿಕ್ಕಿಯಲ್ಲಿ ತಂದಿದ್ದೇನೆ. ಡಿಕ್ಕಿಗೆ ಮಳೆನೀರು ಇಳಿಯುತ್ತಿತ್ತು, ಚೀಲದಿಂದ ನೀಲಿ ಪುಡಿ ಉದುರುತ್ತಿತ್ತು. ಮೇಲೆ ಚಾಪೆ ಇದ್ದದ್ದರಿಂದ ಕಾಣುತ್ತಿರಲಿಲ್ಲ.

ಅದು ಕಂಡದ್ದು 2024ರಲ್ಲಿ, ಕಾರಿಗೆ 15 ವರ್ಷ ತುಂಬಿ ರಿಜಿಸ್ಟ್ರೇಶನ್ ನವೀಕರಿಸಬೇಕಾದಾಗ. ಮಾಡಿಸಿದರೆ ಇನ್ನು 5 ವರ್ಷ ಸಿಗುತ್ತದೆ. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಗಿತ್ತು, ಹಸಿರು ತೆರಿಗೆ ಬೇರೆ. ಮೇಸ್ತ್ರಿ ಚಾಪೆ ಎತ್ತಿದರು. ಸ್ಕ್ರೂ ಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದರು. ತುದಿ ಹಪ್ಪಳ ಮುರಿದ ಹಾಗೆ ತಗಡನ್ನು ದಾಟಿ ಕೆಳಗೆ ಹೋಯಿತು. ತೂತಿನಿಂದ ಗ್ಯಾರೇಜಿನ ಕಪ್ಪು ನೆಲ ಕಾಣಿಸಿತು. ಸುತ್ತಲೂ ಕೆಂಪು, ಅಂಚಿನಲ್ಲಿ ಸ್ವಲ್ಪ ನೀಲಿ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಎಂಜಿನ್ ಇನ್ನೂ ಐದು ವರ್ಷ ಹೋಗುತ್ತದೆ ಡಾಕ್ಟ್ರೇ, ತಳ ಹೋಗುವುದಿಲ್ಲ ಎಂದರು. ಆಮೇಲೆ, ನಾನು ಕೇಳದೆಯೇ, “ಬೊಡ್ಚಿ.”

ಆ ಒಂದು ಸಲ ನಾನು ಅವರ ಮಾತು ಕೇಳಲಿಲ್ಲ. ಅವರೇ ತಗಡು ಕತ್ತರಿಸಿ ಬೆಸುಗೆ ಹಾಕಿಕೊಟ್ಟರು, ಕೆಲಸ ಮುಗಿಯುವ ತನಕ ಹಿಂದಿಯಲ್ಲಿ ಏನೋ ಗೊಣಗುತ್ತಿದ್ದರು. ಕಾರು ಹೊರಗೆ ಅಶ್ವತ್ಥಮರದ ಹತ್ತಿರ ನಿಂತಿದೆ. ಬರುವಾಗ ಏರಿನಲ್ಲಿ ಒಂದು ಹೊಸ ಶಬ್ದ ಕೇಳಿಸಿತು, ಮೂರನೆಯ ಗೇರಿನಲ್ಲಿ, ಎಡಗಡೆಗೆ ತಿರುಗಿಸುವಾಗ ಮಾತ್ರ. ಬರೆದಿಟ್ಟುಕೊಂಡಿದ್ದೇನೆ. ಚಹಾ ಕುಡಿದ ಮೇಲೆ ಎರಡು ಮೂರು ಜನ ಸ್ವಲ್ಪ ಹೊತ್ತು ಇಲ್ಲೇ ಇರಿ, ಸ್ಟಾರ್ಟ್ ಆಗದಿದ್ದರೆ ದೂಡಬೇಕಾದೀತು.